ಇನ್ನೊಂದು ಸಲ ನೋಡಿಬಿಡೋಣ

ಸರ್ವಿಸ್ ಮುಗಿದರೆ ಕಾರು ಸರಿಯಾಯಿತು ಎಂದು ನಂಬಿ ಹಾಯಾಗಿರುವವರು ಹೊಸ ಕಾರಿನವರು. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಆ ನಂಬಿಕೆ ಇರುವುದಿಲ್ಲ, ಇರಲೂಬಾರದು. ನಿನ್ನೆಯವರೆಗೆ ಒಂದು ತೊಟ್ಟೂ ಸೋರದ ಎಂಜಿನ್, ಆಯಿಲ್ ಬದಲಾಯಿಸಿದ ದಿನವೇ ಸೋರತೊಡಗುತ್ತದೆ. ನಿನ್ನೆಯವರೆಗೆ ಅದನ್ನು ಯಾರೂ ಮುಟ್ಟಿರಲಿಲ್ಲ, ಅಷ್ಟೇ. ಹಳೆಯ ಆಯಿಲ್ ಫಿಲ್ಟರ್ ಬಿಚ್ಚುವಾಗ ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಅದರ ಮೇಲೆ ಹೊಸ ಫಿಲ್ಟರ್ ತನ್ನದೇ ಉಂಗುರದೊಂದಿಗೆ ಕುಳಿತರೂ ಕೈಗೆ ಬಿಗಿಯಾಗಿಯೇ ತೋರುತ್ತದೆ. ಎಂಜಿನ್ ಶುರುವಾಗಿ ಒತ್ತಡ ಏರಿದಾಗಲೇ ಆ ಎರಡು ಉಂಗುರಗಳ ಜಗಳ ನೆಲದ ಮೇಲೆ ಹರಿಯುವುದು. ಆದ್ದರಿಂದ ಕೊನೆಯ ತಪಾಸಣೆಯಲ್ಲಿ ನಾನು ಮೊದಲು ಅನುಮಾನಿಸುವುದು ಕೆಲಸ ಮಾಡಿದ ಕೈಯನ್ನು. ಕಾರಿನ ಸರದಿ ಆಮೇಲೆ.

ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವರ ಜಾತಿಗೆ ಸೇರಿದವರೇ ಈ ಕೆಲಸಕ್ಕೆ ಲಾಯಕ್ಕು. ಚಕ್ರದ ನಟ್ಟುಗಳನ್ನು ಸುತ್ತುವರಿದು ಬಿಗಿಯುತ್ತಾ ಹೋಗಬಾರದು, ಎದುರುಬದುರಾಗಿ ಬಿಗಿಯಬೇಕು. ಗೊತ್ತುಮಾಡಿದಷ್ಟು ಬಿಗಿಯಾದಾಗ ಸದ್ದು ಮಾಡುವ ಟಾರ್ಕ್ ರೆಂಚ್ ‘ಟಕ್’ ಎಂದ ಕೂಡಲೇ ಕೈ ತೆಗೆಯಬೇಕು. ಆದರೆ ಆ ‘ಟಕ್’ ಕೇಳುವುದರಲ್ಲಿ ಒಂದು ಸುಖವಿದೆ, ಎಷ್ಟೋ ಮಂದಿ ಅದಕ್ಕಾಗಿ ಎರಡನೆಯ ಸಲ ಎಳೆಯುತ್ತಾರೆ, ಮೂರನೆಯ ಸಲವೂ ಎಳೆಯುತ್ತಾರೆ. ಪ್ರತಿ ಸಲವೂ ನಟ್ಟು ಒಂದಿಷ್ಟು ಹೆಚ್ಚು ಬಿಗಿಯಾಗಬಹುದು ಎಂಬುದನ್ನು ಸುಖ ಮರೆಸುತ್ತದೆ. ಅನುಭವಸ್ಥ ಮೆಕ್ಯಾನಿಕ್‌ಗಳು ಬಿಗಿದ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದುಬಿಡುತ್ತಾರೆ. ಬೋಲ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರಿಯುತ್ತದೆ. ಅನುಮಾನಕ್ಕೆ ಇಷ್ಟು ಅಗ್ಗದ ಔಷಧ ಬೇರೆಲ್ಲೂ ಸಿಗಲಾರದು. ಇನ್ನು ಕಡ್ಡಿ ಚಕ್ರಗಳ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಚಕ್ರಕ್ಕೆ ನಡುವೆ ಒಂದೇ ದೊಡ್ಡ ನಟ್ಟು. ಅದೂ ಎಡಬದಿಯ ನಟ್ಟಿನ ತಿರುಪು ಒಂದು ದಿಕ್ಕಿಗೆ, ಬಲಬದಿಯದು ಇನ್ನೊಂದು ದಿಕ್ಕಿಗೆ. ಅಲ್ಲಿ ಬಿಗಿಯುತ್ತಿದ್ದೇವೋ ಬಿಚ್ಚುತ್ತಿದ್ದೇವೋ ಎಂದು ಒಂದು ಕ್ಷಣ ನಿಂತು ಯೋಚಿಸುವುದರಲ್ಲಿ ಅವಮಾನವೇನೂ ಇಲ್ಲ.

ಬ್ರೇಕಿನ ಮುಂದೆ ಮಾತ್ರ ನನ್ನ ತಮಾಷೆ ನಿಲ್ಲುತ್ತದೆ. ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಹೊಸತಿದ್ದಾಗ ದಪ್ಪವಾಗಿರುತ್ತದೆ. ಅದಕ್ಕೆ ಜಾಗ ಮಾಡಿಕೊಡಲು ಪ್ಯಾಡನ್ನು ಹಿಡಿದಿರುವ ಕ್ಯಾಲಿಪರ್ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಕೆಲಸ ಮುಗಿದಾಗ ಪಿಸ್ಟನ್ ಅಲ್ಲೇ, ಹಿಂದೆಯೇ ಕುಳಿತಿರುತ್ತದೆ. ಆಗ ಮೊದಲ ಸಲ ಪೆಡಲ್ ತುಳಿದರೆ ಅದು ಯಾವ ಪ್ರತಿರೋಧವೂ ಇಲ್ಲದೆ ನೆಲ ಮುಟ್ಟುತ್ತದೆ. ನಾಲ್ಕಾರು ಸಲ ತುಳಿದ ಮೇಲೆ ಪಿಸ್ಟನ್ ಮುಂದೆ ಬಂದು, ಪ್ಯಾಡ್ ಡಿಸ್ಕಿಗೆ ತಾಗಿ, ಪೆಡಲ್ ಗಟ್ಟಿಯಾಗುತ್ತದೆ. ಇದು ಕಾರು ನಿಂತಿರುವಾಗ ಆಗಬೇಕು. ಗೇರ್ ಹಾಕಿ ಇಳಿಜಾರಿನಲ್ಲಿ ಹೊರಟ ಮೇಲೆ ಆಗುವುದು ಬೇಡ. ತುಳಿದಷ್ಟೂ ಪೆಡಲ್ ಮೆತ್ತಗೇ ಉಳಿದರೆ ಪೈಪಿನೊಳಗೆ ಗಾಳಿ ಸೇರಿದೆ ಎಂದರ್ಥ, ಅದನ್ನು ಹೊರಹಾಕಲು ಮತ್ತೆ ಚಕ್ರ ಬಿಚ್ಚಬೇಕು. ಬ್ರೇಕ್ ಆಯಿಲಿಗೆ ಇನ್ನೊಂದು ಚಾಳಿ: ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷದ ಬಹುಭಾಗ ಮುಸುಕು ಹೊದ್ದು ಮಲಗಿರುವ ಕಾರಿನಲ್ಲಿ ಆಯಿಲ್ ‘ಹೊಸದಾಗಿಯೇ’ ಉಳಿದಿರುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಮುಚ್ಚಳ ತಿರುಗಿಸುವಾಗ ಚೆಲ್ಲಿದ ಹನಿಯನ್ನೂ ತಕ್ಷಣ ನೀರಿನಿಂದ ತೊಳೆಯಬೇಕು, ಇಲ್ಲದಿದ್ದರೆ ಅದು ಬಣ್ಣವನ್ನೇ ಎಬ್ಬಿಸಿಬಿಡುತ್ತದೆ.

ಎಂಜಿನ್ ಆಯಿಲ್ ನೋಡುವುದು ಮಗುವಿಗೂ ಬರುವ ಕೆಲಸ ಎನ್ನುತ್ತಾರೆ. ಹೆಚ್ಚಿನ ಕಾರುಗಳಲ್ಲಿ ನಿಜ: ಎಂಜಿನ್ ನಿಲ್ಲಿಸಿ, ಕೆಲವು ನಿಮಿಷ ಕಾದು, ಮಟ್ಟ ತೋರಿಸುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ನೋಡಿದರಾಯಿತು. ಆದರೆ 1998ರವರೆಗೆ ಬಂದ, ಗಾಳಿಯಿಂದ ತಣಿಯುವ ಎಂಜಿನ್ನಿನ ಪೋರ್ಷೆ 911ರಲ್ಲಿ ಎಲ್ಲವೂ ಉಲ್ಟಾ. ಅದರ ಆಯಿಲ್ ಬೇರೆಯೇ ಟ್ಯಾಂಕಿನಲ್ಲಿರುತ್ತದೆ. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾಗಿ, ಇನ್ನೂ ಓಡುತ್ತಿರುವಾಗಲೇ ಅಳೆಯಬೇಕು. ತಣ್ಣಗಿದ್ದಾಗ ನೋಡಿ ಕಡಿಮೆಯಿದೆ ಎಂದು ಗಾಬರಿಯಾಗಿ ಸುರಿದವರು ಮರುದಿನ ಹೊಗೆಯನ್ನು ನೋಡಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಮಾಪಕಗಳ ಮುಳ್ಳುಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರ ಆರಂಭದ ಕಾರುಗಳಲ್ಲಿ ಆಯಿಲ್ ಒತ್ತಡದ ಮುಳ್ಳು ನಿಜವಾಗಿ ಅಳೆದು ಏರಿಳಿಯುತ್ತಿತ್ತು. ಕೆಲವು ವರ್ಷಗಳ ಬಳಿಕ ಬಂದವುಗಳಲ್ಲಿ ಒತ್ತಡ ಇಷ್ಟಿದ್ದರೂ ಅಷ್ಟಿದ್ದರೂ ಮುಳ್ಳು ನಡುವೆಯೇ ನಿಂತು ಎಲ್ಲ ಸುಖವೆಂದು ಹೇಳುತ್ತಿರುತ್ತದೆ. ಏರಿಳಿದು ನನ್ನನ್ನು ಕಾಡುವ ಮುಳ್ಳೇ ನನಗಿಷ್ಟ.

ಅಲ್ಲಿಂದ ಮುಂದೆ ಮೂಗು ಮತ್ತು ಕಿವಿಯ ಕೆಲಸ. ಸೈಲೆನ್ಸರ್ ಪೈಪಿನ ಮೇಲೆ ಬಿದ್ದ ಆಯಿಲ್ ಸುಟ್ಟ ವಾಸನೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ, ಹೋಗದಿದ್ದರೆ ಅದು ಚೆಲ್ಲಿದ್ದಲ್ಲ, ಸೋರುತ್ತಿರುವುದು. ಸಿಹಿ ವಾಸನೆ ಬಂದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್. ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ ನಿಲ್ಲಿಸಿ, ಕಾರಣ ತಿಳಿಯುವವರೆಗೆ ಕೀಲಿ ಮುಟ್ಟಬಾರದು. ಹೀಟರ್ ಪೂರ್ತಿ ತೆರೆದು ಕೈ ಒಡ್ಡಬೇಕು: ಉಷ್ಣತೆಯ ಮುಳ್ಳು ಬಿಸಿ ಎನ್ನುತ್ತಿದ್ದರೂ ಗಾಳಿ ತಣ್ಣಗೆ ಬಂದರೆ ಕೂಲಂಟಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಜೋಡಿಯಾಗಿರುವ ಕಾರುಗಳಲ್ಲಿ ಹಳಬರು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎರಡರ ಬಾಯಿಗೂ ಸರದಿಯಂತೆ ಹಿಡಿದು, ಗಾಳಿ ಎಳೆಯುವ ಸದ್ದು ಸಮನಾಗಿದೆಯೇ ಎಂದು ಕೇಳುತ್ತಾರೆ. ನೋಡಿದವರಿಗೆ ಇದು ಅಸಂಬದ್ಧ. ಮಾಡುವವರ ಮುಖದಲ್ಲಿ ವೈದ್ಯರಿಗೂ ಬಾರದ ಗಾಂಭೀರ್ಯವಿರುತ್ತದೆ. ಕಿಡಿ ಹಾರುವ ಕ್ಷಣ, ಅಂದರೆ ಟೈಮಿಂಗ್, ನೋಡಲೆಂದು ಕಳಚಿದ ವ್ಯಾಕ್ಯೂಮ್ ಪೈಪನ್ನು ಮತ್ತೆ ಸಿಕ್ಕಿಸಿದ್ದೇವೆಯೇ ಎಂದು ನೋಡಲು ಕಿವಿ ಸಾಲದು, ಕಣ್ಣೂ ಬೇಕು. ಕೊನೆಗೆ ಸ್ಪ್ಯಾನರ್‌ಗಳನ್ನು ಎಣಿಸಬೇಕು. ಕೈ ಒರೆಸಿದ ಬಟ್ಟೆಯನ್ನೂ ಎಣಿಕೆಗೆ ಸೇರಿಸಬೇಕು. ಬಿಸಿ ಎಂಜಿನ್ನಿನ ಮೇಲೆ ಅದೊಂದು ಉಳಿದರೆ ಮಿಕ್ಕ ಎಲ್ಲ ಜಾಗರೂಕತೆಯೂ ವ್ಯರ್ಥ.

ಸಸ್ಪೆನ್ಷನ್ ಬಿಚ್ಚಿದ್ದರೆ ಅದರ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ತನ್ನ ಭಾರದಲ್ಲಿ ನಿಂತ ಮೇಲೆಯೇ ಅಂತಿಮವಾಗಿ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 3514 ಎಂದರೆ 2014ರ 35ನೆಯ ವಾರ. ಕಡಿಮೆ ಓಡುವ ಕಾರಿನ ಟೈರು ಸವೆಯುವುದಕ್ಕಿಂತ ಮೊದಲೇ ಮುದಿಯಾಗುತ್ತದೆ.

‘ಇನ್ನೂ ಮುಗಿಯಲಿಲ್ಲವೇ?’ ಎಂದು ಮನೆಯವರು ಕೇಳುವ ಹೊತ್ತಿಗೆ ಓಡಿಸಿ ನೋಡುವುದೊಂದು ಬಾಕಿ ಇರುತ್ತದೆ. ಸರ್ವಿಸಿನ ಇಡೀ ವಿಧಿಯಲ್ಲಿ ಯಾರೂ ಆಕ್ಷೇಪಿಸಲಾಗದ ಭಾಗ ಇದು. ಸುಮ್ಮನೆ ತಿರುಗಾಡಲು ಹೊರಟರೆ ಪೆಟ್ರೋಲಿನ ಲೆಕ್ಕ ಕೇಳುವವರು, ಹೊಸ ಬ್ರೇಕ್ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ ಖಾಲಿ ರಸ್ತೆಯಲ್ಲಿ ವೇಗ ಏರಿಸಿ, ಪೂರ್ತಿ ನಿಲ್ಲಿಸದೆ ಹದವಾಗಿ ಬ್ರೇಕ್ ಹಿಡಿದು, ಮತ್ತೆ ವೇಗ ಏರಿಸಬೇಕು ಎಂದರೆ ತಲೆಯಾಡಿಸುತ್ತಾರೆ. ಬಿಚ್ಚಿ ಹಾಕಿದ ಚಕ್ರದ ನಟ್ಟುಗಳನ್ನು ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬ ನಿಯಮವೂ ಇದೆ. ನಾನು ಐವತ್ತಕ್ಕೆ ತೃಪ್ತನಾಗುವವನಲ್ಲ. ಸುರಕ್ಷತೆಯ ವಿಷಯವಾದ್ದರಿಂದ ನೂರನ್ನೂ ಪೂರೈಸಿಯೇ ಮನೆಗೆ ಬರುತ್ತೇನೆ.