ಮಲ್ಲಿಗೆ ನೀಲಿಯಾಗಿದ್ದ ಬೆಳಿಗ್ಗೆ

ಮೈಸೂರಿನ ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರಲ್ಲಿ ಹೆಚ್ಚಿನವರು ಮೊದಲು ಕುಂಕುಮದ ಗೋಪುರಗಳನ್ನು ತೆಗೆಯುತ್ತಾರೆ. ನಾನೂ ಹಲವು ವರ್ಷ ತೆಗೆದೆ. ಚಿತ್ರಗಳು ಚೆನ್ನಾಗಿಯೇ ಬರುತ್ತಿದ್ದವು. ಆದರೆ ಮನೆಯಿಂದ ಹೊರಡುವಾಗಲೇ ತಲೆಯಲ್ಲಿದ್ದ ಚಿತ್ರವನ್ನು ಅಲ್ಲಿಗೆ ಹೋಗಿ ನಕಲು ಮಾಡಿಕೊಂಡು ಬರುತ್ತಿದ್ದೇನೆ ಎಂಬುದು ನನಗೆ ಹೊಳೆದದ್ದು, ನೀಲಿ ಟಾರ್ಪಾಲಿನ ಕೆಳಗೆ ಮಲ್ಲಿಗೆ ಮಾರುತ್ತಿದ್ದ ಅಜ್ಜಿಯೊಬ್ಬರು ಕ್ಯಾಮೆರಾದ ಪರದೆ ನೋಡಿ, "ಇದೇನಪ್ಪ, ನನ್ ಹೂವಿಗೆ ನೀಲಿ ಹಾಕ್ಬಿಟ್ಟಿದ್ದೀಯ?" ಎಂದು ಕೇಳಿದಾಗ.

ನಾನು ಹಾಕಿರಲಿಲ್ಲ. ಹಿಂದಿನ ದಿನ ಬಿಸಿಲಿಗೆಂದು ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕೆಂದು ಕ್ಯಾಮೆರಾಕ್ಕೆ ಹೇಳುವ ಸೆಟ್ಟಿಂಗ್) ಹಗಲಿನ ಬೆಳಕಿನ ಬಣ್ಣದ ಅಳತೆಯಾದ 5500 ಕೆಲ್ವಿನ್‌ಗೆ ಇಟ್ಟವನು ಬದಲಿಸಲು ಮರೆತಿದ್ದೆ, ಅಷ್ಟೆ. ತಲೆಯೆತ್ತಿ ನೋಡಿದರೆ ನನಗೂ ಹೂವು ಬೆಳ್ಳಗೇ ಕಂಡಿತು. ಟಾರ್ಪಾಲಿನಿಂದ ಸೋಸಿ ಬಂದ ಬೆಳಕು ನಿಜಕ್ಕೂ ನೀಲಿಯಾಗಿದ್ದರೂ, ಸುತ್ತಲಿನ ಬೆಳಕಿನ ಬಣ್ಣವನ್ನು ಲೆಕ್ಕದಿಂದ ಕಳೆದು ವಸ್ತುವಿನ ಬಣ್ಣವನ್ನು ಆದಷ್ಟು ಸ್ಥಿರವಾಗಿ ತೋರಿಸುವುದು ಮಿದುಳಿನ ಅಭ್ಯಾಸ. ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗಿ ಕಾಣುವುದು ಇದರಿಂದಲೇ. ದೀಪದ ಬೆಳಕಿನಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಎಂದು ಆರಿಸಿಕೊಳ್ಳಬೇಕಾದವರಿಗೆ ಇದು ದೊಡ್ಡ ಉಪಕಾರ. ಚಿತ್ರ ತೆಗೆಯುವವನಿಗೆ ಮಾತ್ರ ತೊಡಕು.

ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರಿಗೂ ಇಂಥದೇ ಪೂರ್ವಗ್ರಹವಿದೆ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಮರಳಿಸುವಂಥದ್ದು ಎಂಬ ಹಳೆಯ ಲೆಕ್ಕವನ್ನು ನಂಬಿ ಅದು ಮಲ್ಲಿಗೆಯ ರಾಶಿಯನ್ನು ಮಂಕಾಗಿಸುತ್ತದೆ, ಎಮ್ಮೆಯನ್ನು ಬೂದಿ ಬಳಿದಂತೆ ಬೆಳ್ಳಗಾಗಿಸುತ್ತದೆ. (ಎಮ್ಮೆಗೆ ಸಂತೋಷವೋ ಏನೋ.) ಅದನ್ನು ತಿದ್ದಲು ಕ್ಯಾಮೆರಾದಲ್ಲೊಂದು ಗುಂಡಿಯಿದೆ, ನನ್ನ ಕಣ್ಣಿಗೆ ಅಂಥ ಸೌಕರ್ಯವಿಲ್ಲ.

ಹೀಗಾಗಿ ಈಗ ವೈಟ್ ಬ್ಯಾಲೆನ್ಸನ್ನು ಬೇಕೆಂದೇ 5500ರಲ್ಲಿ ಬಿಟ್ಟಿರುತ್ತೇನೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲಿನಲ್ಲಿ, ಆಮೇಲೆ ಬಣ್ಣ ಬದಲಿಸಬಹುದಲ್ಲ, ಇದೆಂಥ ಹಟ ಎಂದು ಗೆಳೆಯರು ನಗುತ್ತಾರೆ. ಅವರ ಮಾತು ಫೈಲಿನ ಮಟ್ಟಿಗೆ ಸರಿ; ನನಗೆ ಬೇಕಾದದ್ದು ಅಲ್ಲಿ ನಿಂತಿರುವಾಗಲೇ ನನ್ನ ನೋಟವನ್ನು ಅನುಮಾನಿಸುವ ಒಂದು ನೆಪ. ಮಾರುಕಟ್ಟೆಯಲ್ಲಿ ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಮಲ್ಲಿಗೆ, ಬಾಳೆಗೊನೆ ಎಂದು ಹೆಸರು ಹಿಡಿಯದೆ, ಯಾವ ನೆರಳಿನೊಳಗೆ ಎದುರಿನ ಗೋಡೆಯ ಹಳದಿ ಬಂದು ಕೂತಿದೆ, ತಕ್ಕಡಿಯ ತಟ್ಟೆಯಲ್ಲಿ ಆಕಾಶದ ಎಷ್ಟು ಚೂರು ಬಿದ್ದಿದೆ ಎಂದಷ್ಟೇ ಹುಡುಕುತ್ತೇನೆ. ಸೃಜನಶೀಲತೆ ಎಂದರೆ ಇಲ್ಲದ್ದನ್ನು ಕಲ್ಪಿಸುವುದು ಎಂದು ಬಹಳ ಕಾಲ ನಂಬಿದ್ದವನಿಗೆ, ಇದ್ದದ್ದರ ಮೇಲಿನ ತಿದ್ದುಪಡಿಯನ್ನು ಅಳಿಸುವುದೇ ಈಗ ದಿನವಿಡೀ ಸಾಲದಷ್ಟು ಕೆಲಸವಾಗಿದೆ.

ಅಜ್ಜಿಗೆ ಕೊನೆಗೆ ಬಿಳಿ ಮಲ್ಲಿಗೆಯ ಪ್ರಿಂಟನ್ನೇ ಕೊಟ್ಟೆ, ಅದು ಅವರ ಹೂವು. ನೀಲಿಯದು ನನ್ನ ಕೋಣೆಯಲ್ಲಿದೆ.