ವಾದಿ ರಮ್‌ನಲ್ಲಿ ಏಳನೇ ಕಪ್ಪು

ವಾದಿ ರಮ್‌ಗೆ ಹೊರಟಿದ್ದೇನೆ ಎಂದಾಗ ಒಬ್ಬ ಗೆಳೆಯ "ಯಾವ ಕೋರ್ಟಲ್ಲಿ ಕೇಸು?" ಎಂದ. ಇನ್ನೊಬ್ಬ "ನನಗೂ ಒಂದು ಬಾಟ್ಲಿ ತಾ" ಎಂದ. ಅರಬ್ಬಿಯಲ್ಲಿ ವಾದಿ ಎಂದರೆ ಕಣಿವೆ ಕಣ್ರಯ್ಯಾ ಎಂದು ತಿಳಿಸಿ ಹೇಳಿ ಜೋರ್ಡಾನ್ ಸೇರಿದೆ. ಅಲ್ಲಿ ನನ್ನನ್ನು ಕೆಡವಿದ್ದು ರಮ್ ಅಲ್ಲ, ಕಾಫಿ.

ಒಂಟೆಗೂ ಅದರಲ್ಲಿ ಪಾಲುಂಟು. ಏಳುವಾಗ ಅದು ಹಿಂಗಾಲನ್ನೇ ಮೊದಲು ಎತ್ತುತ್ತದೆಂದು ಯಾರೂ ಹೇಳಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅದರ ಕುತ್ತಿಗೆಗೆ ನನ್ನ ಸಾಷ್ಟಾಂಗ ಮುಗಿದಿತ್ತು. ತಲೆ ಎತ್ತಿದರೆ ಕೆಂಪು ಮರಳು, ಅದರಿಂದ ನೆಟ್ಟಗೆ ಎದ್ದ ಮರಳುಗಲ್ಲಿನ ಗೋಡೆಗಳು. ಜಬಲ್ ರಮ್ ಬೆಟ್ಟವೊಂದೇ ಸಮುದ್ರಮಟ್ಟದಿಂದ 1,734 ಮೀಟರ್. ಖಜಾಲಿ ಕಮರಿಯ ಬಂಡೆಗಳ ಮೇಲೆ ಹಳಬರು ಕೊರೆದ ಮನುಷ್ಯರು, ಪ್ರಾಣಿಗಳು, ಜೋಡಿ ಪಾದಗಳು. ನಾವು ಕೋಟೆ ಗೋಡೆಯಲ್ಲಿ ಹೆಸರು ಕೆತ್ತಿದರೆ ದಂಡ. ಇವರ ಕೆತ್ತನೆಯನ್ನು ಲೆಕ್ಕಕ್ಕೆ ಹಿಡಿದು 2011ರಲ್ಲಿ ಯುನೆಸ್ಕೊ ಈ ಕಣಿವೆಗೆ ವಿಶ್ವ ಪರಂಪರೆಯ ಪಟ್ಟ ಕಟ್ಟಿತು.

ಸಂಜೆ ಮೇಕೆಕೂದಲಿನ ಕರಿ ಡೇರೆಯಲ್ಲಿ ಬೆದುಯಿನ್ ಎಂಬ ಮರುಭೂಮಿ ಬುಡಕಟ್ಟಿನ ಅಜ್ಜ ಕಾಫಿ ತಂದ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಘಮ, ಕಷಾಯದ ಕಹಿ. ಹಿಡಿಯಿಲ್ಲದ ಪುಟ್ಟ ಫಿಂಜಾನ್, ಅದರಲ್ಲೂ ತಳ ಮುಚ್ಚುವಷ್ಟೇ. ಚಿಕ್ಕಮಗಳೂರಿನವನಾದ ನನಗೆ ಬಾಬಾಬುಡನ್‌ ಕತೆ ನೆನಪಾಯಿತು. ಅವರು ಏಳು ಬೀಜ ತಂದದ್ದು ಇದೇ ಅರೇಬಿಯಾದ ಯೆಮನ್‌ನಿಂದಂತೆ. ಋಣ ತೀರಿಸುವವನಂತೆ ಗುಟುಕರಿಸಿ ಕಪ್ಪು ವಾಪಸ್ ಕೊಟ್ಟೆ. ಅಜ್ಜ ಮತ್ತೆ ಬಗ್ಗಿಸಿದ. ಕೊಟ್ಟೆ, ಬಗ್ಗಿಸಿದ. ಮದುವೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದ ಹಾಗೆ ಹಿಡಿದು "ಸಾಕು ಸಾಕು" ಎಂದೆ. ನಮ್ಮೂರಲ್ಲೇ ನಡೆಯದ ಉಪಾಯ ಅಲ್ಲಿ ನಡೆದೀತೇ?

ಏಳನೇ ಕಪ್ಪಿಗೆ ಜೀಪಿನ ಚಾಲಕ ಪಿಸುಗುಟ್ಟಿದ: "ಕಪ್ಪು ಅಲ್ಲಾಡಿಸಿ ಕೊಡಿ, ಆಗ ನಿಲ್ಲಿಸ್ತಾರೆ." ಮೊದಲನೆಯದು ಅತಿಥಿಗೆ, ಎರಡನೆಯದು ಖುಷಿಗೆ, ಮೂರನೆಯದು ಕತ್ತಿಗೆ ಎಂದೂ ವಿವರಿಸಿದ. ಮೂರು ಕುಡಿದವನು ಆತಿಥೇಯನ ಪರ ಕತ್ತಿ ಹಿಡಿಯಬೇಕಂತೆ! ಏಳು ಕುಡಿದ ನಾನು ಎಷ್ಟು ಯುದ್ಧಗಳಿಗೆ ಹೆಸರು ಬರೆಸಿದ್ದೆನೋ.

ಅಷ್ಟರಲ್ಲಿ ಮರಳಿನಡಿ ಕೆಂಡದಲ್ಲಿ ಹುಗಿದಿಟ್ಟ ಜರ್ಬ್ ಅಡುಗೆ ಮೇಲೆ ಬಂತು. ಅಂತಸ್ತು ಅಂತಸ್ತಿನ ಕಬ್ಬಿಣದ ಜಾಲರಿ. ಮೇಲಿನ ಮಹಡಿಯಲ್ಲಿ ಕೋಳಿ, ಕೆಳಗೆ ನನ್ನ ಆಲೂಗಡ್ಡೆ. ಮಹಡಿ ಸೋರುತ್ತಿತ್ತು. ಸಸ್ಯಾಹಾರಿಯಾದ ನಾನು ಆ ರಾತ್ರಿ ರೊಟ್ಟಿಯಲ್ಲೇ ತೃಪ್ತಿಪಟ್ಟೆ.

ನಿದ್ದೆ? ಏಳು ಕಪ್ಪು ಬಿಡಬೇಕಲ್ಲ! ಡೇರೆಯವರು ನುಡಿಸುತ್ತಿದ್ದ ರಬಾಬ ವಾದ್ಯದ ಒಂದೇ ತಂತಿಯೂ ಸುಮ್ಮನಾಯಿತು, ನನ್ನ ಎದೆ ಮಾತ್ರ ತಾಳ ಹಾಕುತ್ತಲೇ ಇತ್ತು. ಹೊರಗೆ ಮಲಗಿ ಆಕಾಶಗಂಗೆಯನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ನೋಡಿ ಮುಗಿಸಿದೆ.

ಬೆಳಗ್ಗೆ ಮತ್ತೆ ಅಜ್ಜ, ಕೈಯಲ್ಲಿ ಗಾಜಿನ ಲೋಟ. ಈ ಸಲ ಮೋಸಹೋಗಬಾರದೆಂದು ಕೈಗೆ ಬಂದೊಡನೆ ಗಡಗಡ ಅಲ್ಲಾಡಿಸಿದೆ. ಅದು ಚಹಾ, ಅಲ್ಲಾಡಿಸುವ ಕಾನೂನು ಕಾಫಿಗೆ ಮಾತ್ರ. ಅಜ್ಜ ಗಾಬರಿಯಿಂದ ನನ್ನ ನಡುಗುವ ಕೈ ನೋಡಿದ, ಒಳಗೆ ಓಡಿದ, ಎರಡು ಕಂಬಳಿ ತಂದು ಹೊದಿಸಿದ. ಆಮೇಲೆ ಲೋಟಕ್ಕೆ ಇನ್ನಷ್ಟು ಬಿಸಿ ಚಹಾ ಸುರಿದ.