ಅಪ್ಪನ ಮನೆ ಮಾರುವಾಗ ಅಕ್ಕ-ತಂಗಿಯರ ಹೆಸರು ಬಿಡಬೇಡಿ

ಮುಂಬೈ ಸುತ್ತಲಿನ ಡೊಂಬಿವಲಿ, ಮುಲುಂಡ್, ಭಾಂಡುಪ್ ಕಡೆ ನಮ್ಮ ಕನ್ನಡದವರ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು. ಅಪ್ಪ ಇಲ್ಲ, ಮಕ್ಕಳು ಒಬ್ಬೊಬ್ಬರು ಒಂದೊಂದು ಊರಲ್ಲಿ, ಫ್ಲ್ಯಾಟ್ ಮಾರಿಬಿಡೋಣ. ಆಗ ಹಿರಿಯರೊಬ್ಬರು ಹೇಳುತ್ತಾರೆ: "ಸೊಸೈಟಿಯಲ್ಲಿ ದೊಡ್ಡವನೇ ನಾಮಿನಿ ಅಲ್ವಾ? ತಂಗಿಯರು ಸುಮ್ನೆ ರಿಲೀಸ್ ಡೀಡ್‌ಗೆ (ಪಾಲು ಬಿಟ್ಟುಕೊಟ್ಟ ಪತ್ರಕ್ಕೆ) ಸಹಿ ಹಾಕಲಿ. ದುಡ್ಡು ಬಂದ ಮೇಲೆ ಅವನೇ ಹಂಚುತ್ತಾನೆ. ಟ್ಯಾಕ್ಸ್ ತಾಪತ್ರಯವೂ ಒಬ್ಬನಿಗೇ."

ಕೇಳಿದಾಗಲೆಲ್ಲ ನನಗೆ ಸಂಕಟ. ಇದು ಹಕ್ಕಿನ ಲೆಕ್ಕದಲ್ಲೂ ತಪ್ಪು, ಟ್ಯಾಕ್ಸ್ ಲೆಕ್ಕದಲ್ಲೂ ತಪ್ಪು.

ನಾಮಿನಿ ಆದ ಮಾತ್ರಕ್ಕೆ ಮನೆ ಅವನದಾಗುವುದಿಲ್ಲ. ವಿಲ್ ಬರೆಯದೆ ಅಪ್ಪ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅಮ್ಮನಿಗೂ ಎಲ್ಲ ಮಕ್ಕಳಿಗೂ ಸಮಪಾಲು. ಅಜ್ಜಿ (ಅಪ್ಪನ ಅಮ್ಮ) ಇದ್ದರೆ ಅವರಿಗೂ. ಹೀಗೆ ಪಾಲು ಬಂದದ್ದಕ್ಕೆ ಟ್ಯಾಕ್ಸ್ ಇಲ್ಲ, ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ಟ್ಯಾಕ್ಸ್ ಬೀಳುವುದು ಮಾರಿದ ಲಾಭಕ್ಕೆ.

ಒಂದು ಲೆಕ್ಕ ನೋಡಿ. ಅಪ್ಪ 1988ರಲ್ಲಿ ಕೊಂಡ ಮನೆ, 2001ರ ಏಪ್ರಿಲ್ 1ರ ಬೆಲೆ (ಹಳೆಯ ಮನೆಗೆ ಕೊಂಡ ಬೆಲೆಯ ಬದಲು ಇದನ್ನೇ ಹಿಡಿಯಬಹುದು) 8 ಲಕ್ಷ, ಈಗ 1 ಕೋಟಿ 20 ಲಕ್ಷಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಲಾಭ 1 ಕೋಟಿ 12 ಲಕ್ಷ. ಶೇ. 12.5ರಂತೆ ಟ್ಯಾಕ್ಸ್ 14 ಲಕ್ಷ, ಮೇಲೆ ಸರ್ಚಾರ್ಜ್, ಸೆಸ್. ಆರು ತಿಂಗಳೊಳಗೆ ಕ್ಯಾಪಿಟಲ್ ಗೇನ್ ಬಾಂಡ್ (ಇಂಥ ಲಾಭ ತೊಡಗಿಸಲೆಂದೇ ಇರುವ ಸಾಲಪತ್ರ) ಕೊಂಡರೆ ಟ್ಯಾಕ್ಸ್ ಉಳಿಸಬಹುದು. ಆದರೆ ಒಬ್ಬರಿಗೆ 50 ಲಕ್ಷವೇ ಮಿತಿ, ಐದು ವರ್ಷ ಮುಟ್ಟುವಂತಿಲ್ಲ. ಅಣ್ಣನೊಬ್ಬನೇ ಮಾರಿದರೆ ಮಿಕ್ಕ 62 ಲಕ್ಷಕ್ಕೆ 7.75 ಲಕ್ಷ, ಮೇಲೆ ಸರ್ಚಾರ್ಜ್, ಸೆಸ್ ಕಟ್ಟಲೇಬೇಕು. ಅದೇ ಅಮ್ಮ ಮತ್ತು ಮೂವರು ಮಕ್ಕಳು ಸೇರಿ ಮಾರಿದರೆ? ತಲಾ ಲಾಭ 28 ಲಕ್ಷ. ನಾಲ್ವರೂ ಬಾಂಡ್ ಕೊಂಡರೆ ಟ್ಯಾಕ್ಸೇ ಇಲ್ಲ. ಬಾಂಡ್ ಬೇಡ ಎನ್ನುವ ತಂಗಿಗೆ ಬೇರೆ ಆದಾಯ ಇಲ್ಲದಿದ್ದರೆ, ಹೊಸ ಟ್ಯಾಕ್ಸ್ ಪದ್ಧತಿಯ 4 ಲಕ್ಷದ ವಿನಾಯಿತಿ ಮಿತಿಯಾದರೂ ಸಿಗುತ್ತದೆ.

ರಿಲೀಸ್ ಡೀಡ್ ಆದ ಮೇಲೆ ಅಣ್ಣ ಕೊಡುವ ದುಡ್ಡು ಗಿಫ್ಟ್. ತಂಗಿಗೆ ಅದರ ಮೇಲೆ ಟ್ಯಾಕ್ಸ್ ಇಲ್ಲ, ನಿಜ. ಆದರೆ ಅವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಳೆ ಅವನಿಗೇ ಏನಾದರೂ ಆದರೆ, ತಂಗಿ ಅತ್ತಿಗೆಯ ಮುಂದೆ ಕೈ ಚಾಚಬೇಕಾ?

ಸೊಸೈಟಿ ಕೊಟ್ಟಿರುವ ಷೇರ್ ಸರ್ಟಿಫಿಕೇಟ್ ತಿರುಗಿಸಿ ನೋಡಿ. ಹೆಸರು ವರ್ಗಾವಣೆ ಬರೆಯುವ ಸಾಲುಗಳು ಹಿಂದುಗಡೆ ಇರುತ್ತವೆ. ಅಲ್ಲಿ ಎಲ್ಲ ವಾರಸುದಾರರ ಹೆಸರೂ ಬರಲಿ, ಮಾರಾಟದ ಅಗ್ರಿಮೆಂಟ್‌ನಲ್ಲೂ ಬರಲಿ. ಮಂಗಳೂರಿನ ತಂಗಿಗೆ ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ ಕೊಡಲಿ. ಕೊಳ್ಳುವವರು ಅವಳ ಪಾಲಿನ ಚೆಕ್ ಅವಳ ಖಾತೆಗೇ ಕೊಡಲಿ, ಶೇ. 1 ಟಿಡಿಎಸ್ (ಬೆಲೆಯಲ್ಲಿ ಮುರಿದುಕೊಂಡು ಕಟ್ಟುವ ಟ್ಯಾಕ್ಸ್) ಅವಳ ಪ್ಯಾನ್‌ನಲ್ಲೇ ಕಟ್ಟಲಿ.